‘ಸ’ ಕಿವಿಗೆ ಚುಚ್ಚಿದರೆ ಎಂತ ಮಾಡುವುದು?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಸೇರಿ ಒಂದು ಹಾಡು ಮಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸಾಹಿತ್ಯ ನಮ್ಮದೇ, ರಾಗವೂ ನಮ್ಮದೇ. ಸ್ಟುಡಿಯೋ ಅಂದರೆ ಇನ್ನಂಜೆಯಲ್ಲಿ ನಾವು ಮೂವರು ಬಾಡಿಗೆಗಿದ್ದ ಮನೆಯ ಹಿಂದಿನ ಕೋಣೆ. ಗೋಡೆಗೆ ಹಾಸಿಗೆ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ರೈಲು ಹೋಗುವ ಹೊತ್ತು ನೋಡಿಕೊಂಡು ರೆಕಾರ್ಡ್ ಮಾಡಿದ್ದು. ಮಿಕ್ಸಿಂಗ್ ಮಾಡಿದವನು ನಾನು. ಲ್ಯಾಪ್‌ಟಾಪಿನಲ್ಲಿ ಕೇಳುವಾಗ ಭಾರೀ ಚಂದ ಇತ್ತು. ಆಡಿಟೋರಿಯಂನಲ್ಲಿ ಹಾಕಿದಾಗ ಮೊದಲ ಸಾಲಿನಲ್ಲಿ ಕೂತಿದ್ದ ಮೇಡಂ ಒಬ್ಬರು ಕಿವಿಗೆ ಬೆರಳಿಟ್ಟರು. ಪ್ರತಿ ‘ಸ’ ಬಂದಾಗಲೂ ಪ್ರೆಷರ್ ಕುಕ್ಕರಿನ ಸೀಟಿ ಹೊಡೆದ ಹಾಗೆ ‘ಸ್ಸ್ಸ್’.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, “ಅವಳಿಗೆ ಸಕಾರ ಬರುವುದಿಲ್ಲ ಮಾರಾಯ” ಅಂದ. ನಾಲ್ಕು ಜನ ನಕ್ಕರು. ಹಾಡಿದ ಹುಡುಗಿ ಫಸ್ಟ್ ಇಯರ್, ಮನೆಯಲ್ಲಿ ತುಳು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ‘ಶ’ ಮತ್ತು ‘ಸ’ ಅದಲುಬದಲಾಯಿತು ಅಂತ ಹಿಂದೊಮ್ಮೆ ಬೈಸಿಕೊಂಡವಳಂತೆ. ಮರುದಿನದಿಂದ ಪ್ರಾಕ್ಟೀಸಿಗೆ ಬರಲಿಲ್ಲ. ನಾವೂ ಪರೀಕ್ಷೆಯ ಗಡಿಬಿಡಿಯಲ್ಲಿ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಯಾವುದೋ ಕಾರಣಕ್ಕೆ ಆ ಪ್ರಾಜೆಕ್ಟ್ ಫೈಲ್ ತೆರೆದು, ಎಲ್ಲ ಪ್ಲಗಿನ್ ಆಫ್ ಮಾಡಿ ಅವಳ ಧ್ವನಿಯನ್ನು ಮಾತ್ರ ಕೇಳಿದೆ. ‘ಸ’ ಸರಿಯಾಗಿಯೇ ಇತ್ತು. ಸ್ವಲ್ಪ ಚೂಪು ಇರಬಹುದು, ಅಷ್ಟೇ. ಅದನ್ನು ಸೀಟಿ ಮಾಡಿದ್ದು ನಾನು. ಹೇಗೆ ಮಾಡಿದೆ ಅಂತ ಹಿಂದೆ ಹಿಂದೆ ಹೋಗಿ ಹುಡುಕಿದ್ದರ ಲೆಕ್ಕ ಇದು. ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ‘ಸ’ ಅಂದರೆ ಏನು ಅಂತ ನೋಡುವ. ‘ಆ’ ಅಂತ ಹೇಳುವಾಗ ಗಂಟಲಿನ ತಂತುಗಳು ಕಂಪಿಸುತ್ತವೆ, ಕುತ್ತಿಗೆಗೆ ಕೈ ಇಟ್ಟರೆ ಗೊತ್ತಾಗುತ್ತದೆ. ‘ಸ್’ ಅಂತ ಮಾತ್ರ ಎಳೆಯಿರಿ, ಕುತ್ತಿಗೆ ಸುಮ್ಮನೆ ಇರುತ್ತದೆ. ಇಲ್ಲಿ ಕೆಲಸ ಮಾಡುವುದು ಬರೀ ಗಾಳಿ. ನಾಲಗೆಯ ನಡುವೆ ಸಣ್ಣ ತೋಡು ಆಗಿ, ಅದರಿಂದ ಹೊರಟ ಗಾಳಿ ಹಲ್ಲಿನ ಅಂಚಿಗೆ ಹೊಡೆದು ಚೆಲ್ಲಾಪಿಲ್ಲಿ ಆಗುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಟರ್ಬುಲೆನ್ಸ್ ಅದೇ. ಅಂದರೆ ‘ಸ’ ಒಂದು ಸ್ವರ ಅಲ್ಲ, ಒಂದು ನಾಯ್ಸ್. ಆ ನಾಯ್ಸ್ ಯಾವ ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಕೇಳುತ್ತದೆ ಅನ್ನುವುದನ್ನು ನಾಲಗೆಯ ಮುಂದೆ ಉಳಿದ ಸಣ್ಣ ಜಾಗ ತೀರ್ಮಾನಿಸುತ್ತದೆ. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದ ಕೊಳವೆ ಅಂದುಕೊಳ್ಳಿ. ಪಿಯುಸಿಯಲ್ಲಿ ಮಾಡಿದ ಲೆಕ್ಕ ನೆನಪಿದೆಯಲ್ವಾ, ಶಬ್ದದ ವೇಗವನ್ನು ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸುವುದು. ಬಾಯಿಯೊಳಗಿನ ಬೆಚ್ಚಗಿನ ಗಾಳಿಯಲ್ಲಿ ವೇಗ ಸುಮಾರು 350 ಮೀಟರ್ ಅಂತ ಇಟ್ಟುಕೊಳ್ಳುವ. ‘ಸ’ಕ್ಕೆ ಮುಂದಿನ ಜಾಗ ಒಂದೂವರೆ ಸೆಂಟಿಮೀಟರ್ ಇದ್ದರೆ ಉತ್ತರ 5800 ಹರ್ಟ್ಸ್‌ನ ಆಸುಪಾಸು. ‘ಶ’ಕ್ಕೆ ನಾಲಗೆ ಹಿಂದೆ ಸರಿಯುತ್ತದೆ, ತುಟಿ ಸ್ವಲ್ಪ ಮುಂದೆ ಬರುತ್ತದೆ. ಜಾಗ ಮೂರು ಸೆಂಟಿಮೀಟರ್ ಆಯಿತು ಅಂದರೆ 2900. ‘ಷ’ಕ್ಕೆ ನಾಲಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುವುದರಿಂದ ಅದರ ಅಡಿಯಲ್ಲೂ ಜಾಗ ಆಗಿ ಇನ್ನೂ ಕೆಳಗೆ ಇಳಿಯುತ್ತದೆ. ಇದು ಒರಟು ಲೆಕ್ಕ, ಬಾಯಿ ಪಿವಿಸಿ ಪೈಪ್ ಅಲ್ಲ. ಆದರೂ ಸ್ಪೆಕ್ಟ್ರೋಗ್ರಾಂ ತೆಗೆದು ನೋಡಿದರೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗಂಡಸರಿಗಿಂತ ಹೆಂಗಸರ, ಮಕ್ಕಳ ಧ್ವನಿಯಲ್ಲಿ ಎಲ್ಲವೂ ಸ್ವಲ್ಪ ಮೇಲೆ.

ಆಡಾಸಿಟಿ ಇದ್ದವರು ಈಗಲೇ ಮಾಡಿ ನೋಡಿ. ಮೊಬೈಲ್ ಮೈಕಿಗೆ ‘ಶುಶ್ರೂಷೆ’, ‘ಸಂತೋಷ’, ‘ಶಾಸನ’ ಅಂತ ನಿಧಾನಕ್ಕೆ ಹೇಳಿ, ಟ್ರ್ಯಾಕಿನ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಂ ಆಯ್ಕೆ ಮಾಡಿ. ಸ್ವರಗಳು ಕೆಳಗೆ ಒಂದರ ಮೇಲೊಂದು ಗೆರೆಗಳಾಗಿ ಕಾಣುತ್ತವೆ. ಸಕಾರ ಮೇಲೆ ಮೋಡದ ಹಾಗೆ. ‘ಶಾಸನ’ದಲ್ಲಿ ಎರಡು ಮೋಡ, ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ನಮ್ಮ ಮಾತಿನಲ್ಲಿ ಶ ಮತ್ತು ಷ ಒಂದೇ ಆಗಿಬಿಟ್ಟಿರುವುದೂ ಅಲ್ಲೇ ಸಿಕ್ಕಿಬೀಳುತ್ತದೆ. ನನ್ನದು ಎರಡಕ್ಕೂ ಒಂದೇ ಮೋಡ. ತಾಳಮದ್ದಳೆಯಲ್ಲಿ ಪಳಗಿದ ಅರ್ಥಧಾರಿಗಳು ಹೇಳಿದರೆ ಬೇರೆ ಬೇರೆ ಕಂಡೀತು.

ಇನ್ನು ‘ಶ’ಕ್ಕೆ ‘ಸ’ ಹೇಳಿದರೆ ನಗುವವರಿಗೆ ಒಂದು ಮಾತು. ಆಕಾಶ ಕನ್ನಡಕ್ಕೆ ಬಂದು ಆಗಸ ಆಯಿತು, ಶಶಿ ಸಸಿ ಆಯಿತು. ಅಚ್ಚ ಕನ್ನಡದ ಹಳೆಯ ಶಬ್ದಗಳಿಗೆ ಬೇಕಾದದ್ದು ಒಂದೇ ಸಕಾರ. ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಬದಲಾವಣೆಗೆ ಒಂದು ಪ್ರಕರಣವನ್ನೇ ಇಟ್ಟ. ನಮ್ಮ ಅಜ್ಜಿಯಂದಿರು ‘ಸಂಕ್ರಪುರ’ ಅಂದರೆ ಅದು ಬಾಯಿಯ ದೋಷ ಅಲ್ಲ, ಭಾಷೆ ನಡೆದು ಬಂದ ದಾರಿ. ಅದಿರಲಿ.

ಕಿವಿಗೇಕೆ ಚುಚ್ಚುತ್ತದೆ? ಕಿವಿಯ ರಂಧ್ರವೂ ಒಂದು ತುದಿ ಮುಚ್ಚಿದ ಕೊಳವೆಯೇ. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮೇಲಿನ ಲೆಕ್ಕವನ್ನೇ ಹಾಕಿದರೆ 3500 ಹರ್ಟ್ಸ್ ಹತ್ತಿರ ಬರುತ್ತದೆ. 2000ದಿಂದ 5000ದವರೆಗೆ ನಮ್ಮ ಕಿವಿ ಅತಿ ಸೂಕ್ಷ್ಮ ಆಗಿರುವುದಕ್ಕೆ ಅದೂ ಒಂದು ಕಾರಣ. ಆಡಿಟೋರಿಯಂನ ಹಾರ್ನ್ ಸ್ಪೀಕರುಗಳೂ ಆ ಜಾಗದಲ್ಲೇ ಗಟ್ಟಿ. ಲ್ಯಾಪ್‌ಟಾಪಿನಲ್ಲಿ ಸಣ್ಣ ವಾಲ್ಯೂಮಿನಲ್ಲಿ, ಅದೂ ಮೂರು ಗಂಟೆ ಕೇಳಿ ಕೇಳಿ ದಣಿದ ಕಿವಿಯಲ್ಲಿ, ಇದು ಯಾವುದೂ ತಿಳಿಯುವುದಿಲ್ಲ. ಫೋನಿನಲ್ಲಿ ಮಾತ್ರ ಕೇಳಿ ‘ಓಕೆ’ ಅಂದುಬಿಡುವವರಿಗೂ ಇದೇ ಗತಿ. ಹಳೆಯ ಟೆಲಿಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ ಒಯ್ಯುತ್ತಿತ್ತು. ‘ಸ’ದ ಮುಖ್ಯ ಭಾಗವೇ ಅಲ್ಲಿ ಕಟ್! ‘ಎಸ್ಸಾ, ಎಫ್ಫಾ?’ ಅಂತ ಎರಡೆರಡು ಸಲ ಕೇಳಬೇಕಾಗುತ್ತಿದ್ದದ್ದು ಅದಕ್ಕೇ. ವೋಲ್ಟಿ ಬಂದ ಮೇಲೆ ಸುಮಾರು 7000ದವರೆಗೆ ಸಿಗುತ್ತದೆ, ಆದ್ದರಿಂದ ಧ್ವನಿ ಹತ್ತಿರ ಬಂದ ಹಾಗೆ ಅನಿಸುತ್ತದೆ.

ಈಗ ನನ್ನ ತಪ್ಪಿನ ಲೆಕ್ಕ. ಮೊದಲನೆಯದು ಕಂಪ್ರೆಸರ್. ಅವಳ ಸ್ವರಗಳು ಸರಿಸುಮಾರು ಮೈನಸ್ 8 ಡಿಬಿಯಲ್ಲಿ ಇದ್ದವು, ‘ಸ’ಗಳು ಮೈನಸ್ 16ರಲ್ಲಿ. ಅಂದರೆ ‘ಸ’ ಸ್ವರಕ್ಕಿಂತ 8 ಡಿಬಿ ಕೆಳಗೆ, ಇರಬೇಕಾದಲ್ಲೇ. ನಾನು ಥ್ರೆಶೋಲ್ಡ್ ಮೈನಸ್ 18, ರೇಶಿಯೋ ನಾಲ್ಕಕ್ಕೆ ಒಂದು ಇಟ್ಟಿದ್ದೆ. ಸ್ವರ ಥ್ರೆಶೋಲ್ಡಿಗಿಂತ 10 ಮೇಲಿದ್ದದ್ದು ಎರಡೂವರೆಗೆ ಇಳಿದು ಮೈನಸ್ ಹದಿನೈದೂವರೆ ಆಯಿತು. ‘ಸ’ ಎರಡು ಮೇಲಿದ್ದದ್ದು ಅರ್ಧಕ್ಕೆ ಇಳಿದು ಮೈನಸ್ ಹದಿನೇಳೂವರೆ. ಈಗ ಅಂತರ ಎಷ್ಟು? ಎರಡೇ ಡಿಬಿ. ‘ಸ’ವನ್ನು ಮುಟ್ಟದೆಯೇ ಅದನ್ನು 6 ಡಿಬಿ ಎತ್ತಿದ ಹಾಗಾಯಿತು. ಅದರ ಮೇಲೆ, ಯಾರೋ ಯೂಟ್ಯೂಬಿನಲ್ಲಿ ‘ಏರ್ ಬೇಕು’ ಅಂದಿದ್ದಕ್ಕೆ 7000ದಿಂದ ಮೇಲೆ 4 ಡಿಬಿ ಶೆಲ್ಫ್ ಕೊಟ್ಟಿದ್ದೆ. ಅಲ್ಲಿಗೆ ‘ಸ’ ಸ್ವರಕ್ಕಿಂತಲೂ ಜೋರು. ಅದರ ಮೇಲೆ ರಿವರ್ಬ್. ‘ಸ’ ಮುಗಿದರೂ ಅದರ ಬಾಲ ಮುಂದಿನ ಅಕ್ಷರದ ಮೇಲೆ ಸುರಿಯುತ್ತಾ ಇತ್ತು. ಪಲ್ಲವಿಯಲ್ಲಿ ನಾಲ್ಕು ಜನರ ಕೋರಸ್ ಬೇರೆ, ಒಬ್ಬೊಬ್ಬರ ‘ಸ’ ಒಂದೊಂದು ಕ್ಷಣದಲ್ಲಿ ಬಿದ್ದು ‘ಸ-ಸ-ಸ-ಸ’. ಪಾಪದ ಹುಡುಗಿ ಎಂತ ಮಾಡಿಯಾಳು?

ಮೈಕಿನ ಪಾಲೂ ಇತ್ತು. ನಮ್ಮ ಬಜೆಟ್ಟಿಗೆ ಸಿಗುವ ಕಂಡೆನ್ಸರ್ ಮೈಕುಗಳಲ್ಲಿ ತುಂಬ ಮಾದರಿಗಳು 8ರಿಂದ 10 ಸಾವಿರದ ಸುತ್ತ ಬೇಕಂತಲೇ ಉಬ್ಬು ಇಟ್ಟುಕೊಂಡು ಬರುತ್ತವೆ. ಅಂಗಡಿಯಲ್ಲಿ ಕೇಳುವಾಗ ಅದು ‘ಕ್ಲಿಯರ್’ ಅನಿಸುತ್ತದೆ. ಹೈ ಫ್ರೀಕ್ವೆನ್ಸಿ ಬಾಯಿಯಿಂದ ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುವಂಥದ್ದು, ಮೈಕನ್ನು ಸರಿಯಾಗಿ ಬಾಯಿಯ ಎದುರಿಗೇ ಇಟ್ಟರೆ ಪೂರ್ತಿ ಅದರ ಮುಖಕ್ಕೇ ಹೊಡೆಯುತ್ತದೆ. ಒಂದು ಗೇಣು ದೂರ ಇಟ್ಟು, ಮೂಗಿನ ಎತ್ತರಕ್ಕೆ ಏರಿಸಿ, ಸ್ವಲ್ಪ ಓರೆ ಮಾಡಿ. ಇಪ್ಪತ್ತು ಮೂವತ್ತು ಡಿಗ್ರಿ ಸಾಕು. ಇದಕ್ಕೆ ದುಡ್ಡು ಖರ್ಚಿಲ್ಲ, ಯಾವ ಪ್ಲಗಿನ್ನೂ ಇಷ್ಟು ಚಂದ ಕೆಲಸ ಮಾಡುವುದಿಲ್ಲ. ಪಾಪ್ ಫಿಲ್ಟರ್ ಹಾಕಿದ್ದೇನಲ್ಲ ಅಂತ ಕೇಳಬೇಡಿ. ಅದು ‘ಪ’, ‘ಬ’ದ ಗಾಳಿಗೆ, ‘ಸ’ ಅದರ ಮೂಲಕ ಸರಾಗ ದಾಟುತ್ತದೆ.

ರೆಕಾರ್ಡ್ ಆಗಿಹೋದದ್ದಕ್ಕೆ ಏನು ಮಾಡುವುದು? ನಾನು ಈಗ ಮೊದಲು ಮಾಡುವುದು ಕೈಕೆಲಸ. ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡಿದರೆ ಸಕಾರಗಳು ಬೂತಾಯಿ ಮೀನಿನ ಆಕಾರದಲ್ಲಿ ಕಾಣುತ್ತವೆ, ಎರಡು ತುದಿ ಸಪೂರ, ನಡು ದಪ್ಪ, ಒಳಗೆಲ್ಲ ಒತ್ತೊತ್ತಾಗಿ ತುಂಬಿದ್ದು. ಸ್ವರಗಳ ಹಾಗೆ ಅಲೆ ಅಲೆ ಇರುವುದಿಲ್ಲ. ಒಂದೊಂದು ಬೂತಾಯಿಯನ್ನೂ ಆಯ್ದು 3ರಿಂದ 6 ಡಿಬಿ ಇಳಿಸುವುದು. ರೀಪರ್‌ನಲ್ಲಿ ಐಟಂ ಕತ್ತರಿಸಿ ವಾಲ್ಯೂಮ್ ಕಡಿಮೆ ಮಾಡಿದರೂ ಆಯಿತು, ಆಟೋಮೇಶನ್ ಗೆರೆ ಎಳೆದರೂ ಆಯಿತು. ಮೂರೂವರೆ ನಿಮಿಷದ ಹಾಡಿಗೆ ಒಂದು ಒಂದೂವರೆ ಗಂಟೆ ಹಿಡಿಯುತ್ತದೆ. ಬೋರು ಹೊಡೆಯುವ ಕೆಲಸ, ಹೌದು. ಶಂಕರಪುರದಲ್ಲಿ ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ಯುವವರನ್ನು ನೋಡಿದ್ದೀರಾ? ಒಂದೊಂದೇ. ಯಾವ ‘ಸ’ ಚುಚ್ಚುತ್ತದೆ, ಯಾವುದು ಹಾಡಿಗೆ ಬೇಕು ಅಂತ ಕಿವಿಗೆ ಗೊತ್ತಾಗುವುದು ಹೀಗೆ ಮಾಡಿದಾಗಲೇ.

ಆಮೇಲೆ ಡಿ-ಎಸ್ಸರ್. ಹೆಸರು ದೊಡ್ಡದು, ಒಳಗೆ ಇರುವುದು ಕಂಪ್ರೆಸರೇ. ಒಂದೇ ವ್ಯತ್ಯಾಸ, ಅದರ ಕಿವಿಗೆ ಪೂರ್ತಿ ಧ್ವನಿ ಕೇಳುವುದಿಲ್ಲ, 4000ದಿಂದ 10000ದವರೆಗಿನ ಭಾಗ ಮಾತ್ರ ಕೇಳುತ್ತದೆ. ಆ ಭಾಗ ಮಿತಿ ಮೀರಿತು ಅಂದ ತಕ್ಷಣ ಗೇನ್ ಇಳಿಸುತ್ತದೆ. ಇಳಿಸುವುದರಲ್ಲಿ ಎರಡು ಬಗೆ. ವೈಡ್‌ಬ್ಯಾಂಡ್ ಆದರೆ ಆ ಕ್ಷಣ ಇಡೀ ಧ್ವನಿ ಕೆಳಗೆ ಹೋಗುತ್ತದೆ. ಒಂಟಿ ಧ್ವನಿಗೆ ಇದು ಸಹಜವಾಗಿ ಕೇಳುತ್ತದೆ, ಯಾಕೆಂದರೆ ‘ಸ’ ಹೇಳುವ ಹೊತ್ತಿಗೆ ಬೇರೇನೂ ಇರುವುದಿಲ್ಲವಲ್ಲ. ಸ್ಪ್ಲಿಟ್‌ಬ್ಯಾಂಡ್ ಆದರೆ ಕ್ರಾಸ್‌ಓವರ್ ಹಾಕಿ ಮೇಲಿನ ಪಾಲನ್ನು ಮಾತ್ರ ಒತ್ತುವುದು. ಹಿಂದೆ ತಾಳ, ಗಿಟಾರು ಸೇರಿಹೋಗಿದ್ದರೆ ಇದೇ ವಾಸಿ. ದುಡ್ಡು ಕೊಡದೆ ಬೇಕಾದವರು ಟಿಡಿಆರ್ ನೋವಾ ಇಳಿಸಿಕೊಳ್ಳಿ. ಅದು ಡೈನಾಮಿಕ್ ಇಕ್ಯೂ, ಡಿ-ಎಸ್ಸರ್ ಕೆಲಸಕ್ಕೆ ಧಾರಾಳ ಸಾಕು.

ಸೆಟ್ಟಿಂಗ್ ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ಯಾರದೋ ಸೆಟ್ಟಿಂಗ್ ಇನ್ನೊಬ್ಬರ ಬಾಯಿಗೆ ಹೊಂದುವುದಿಲ್ಲ. ದಾರಿ ಹೇಳಬಹುದು. ಸ್ಪೆಕ್ಟ್ರೋಗ್ರಾಂನಲ್ಲಿ ಆ ಗಾಯಕರ ಮೋಡ ಎಲ್ಲಿದೆ ಅಂತ ನೋಡಿ ಅಲ್ಲಿಗೆ ಬ್ಯಾಂಡ್ ಇಡಿ. ‘ಲಿಸನ್’ ಬಟನ್ ಒತ್ತಿ, ಆ ಬ್ಯಾಂಡಿನಲ್ಲಿ ‘ಸ’ ಮಾತ್ರ ಕೇಳಬೇಕು, ಸ್ವರ ಇಣುಕಬಾರದು. ಅಟ್ಯಾಕ್ ಒಂದು ಮಿಲಿಸೆಕೆಂಡಿನ ಒಳಗೆ, ರಿಲೀಸ್ 40-50. ಒಂದು ‘ಸ’ ಸುಮಾರು ನೂರು ಮಿಲಿಸೆಕೆಂಡ್ ಇರುವುದರಿಂದ ರಿಲೀಸ್ ಉದ್ದ ಆದರೆ ಮುಂದಿನ ಸ್ವರದ ಆರಂಭವೇ ಮಂಕಾಗುತ್ತದೆ. ಮೀಟರ್ 4-5 ಡಿಬಿಗಿಂತ ಹೆಚ್ಚು ಇಳಿಯುತ್ತಿದ್ದರೆ ನಿಲ್ಲಿಸಿ, ತಪ್ಪು ಬೇರೆಲ್ಲೋ ಇದೆ ಅಂತ ಅರ್ಥ. ಒಂದು ಕಡೆ 8 ಡಿಬಿ ಒತ್ತುವ ಬದಲು, ಕಂಪ್ರೆಸರಿಗಿಂತ ಮೊದಲು 3, ಕೊನೆಯಲ್ಲಿ 2 ಅಂತ ಹಂಚಿದರೆ ಕಿವಿಗೆ ತಿಳಿಯುವುದೇ ಇಲ್ಲ. ರಿವರ್ಬಿಗೆ ಹೋಗುವ ದಾರಿಯಲ್ಲಿ ಬೇರೆಯೇ ಒಂದು ಡಿ-ಎಸ್ಸರ್ ಇಡಿ, ಅಲ್ಲಿ ಬೇಕಾದಷ್ಟು ಒತ್ತಬಹುದು. ರಿವರ್ಬಿನಲ್ಲಿ ‘ಸ’ ಇಲ್ಲದಿದ್ದರೆ ಯಾರೂ ಹುಡುಕುವುದಿಲ್ಲ. ಕೋರಸಿನವರಿಗೆ ರೆಕಾರ್ಡಿಂಗ್ ಹೊತ್ತಿಗೇ, “ನೀವು ‘ಸ’ ನುಂಗಿಬಿಡಿ, ಮುಖ್ಯ ಗಾಯಕಿಯದ್ದು ಒಂದೇ ಸಾಕು” ಅಂತ ಹೇಳುವುದು. ಕೇಳುವವರಿಗೆ ನಾಲ್ವರೂ ಹೇಳಿದ ಹಾಗೇ ಕೇಳುತ್ತದೆ. ನಂಬಿಕೆ ಬಾರದಿದ್ದರೆ ಒಮ್ಮೆ ಮಾಡಿ ನೋಡಿ.

ನಮ್ಮ ಕಡೆಯ ಎರಡು ವಿಶೇಷ ತೊಂದರೆಗಳು. ಒಂದು ಜೀರುಂಡೆ. ಮಳೆಗಾಲದ ರಾತ್ರಿ ಇಲ್ಲಿ ರೆಕಾರ್ಡ್ ಮಾಡಿದವರಿಗೆ ಗೊತ್ತು, ಅದು ಕೂಗುವುದೂ ಸರಿಯಾಗಿ ‘ಸ’ ಇರುವ ಬ್ಯಾಂಡಿನಲ್ಲೇ. ಡಿ-ಎಸ್ಸರಿಗೆ ಜೀರುಂಡೆ ಯಾವುದು ಸಕಾರ ಯಾವುದು ಅಂತ ಬೇಧ ತಿಳಿಯುವುದಿಲ್ಲ, ಹಾಡಿನುದ್ದಕ್ಕೂ ಗೇನ್ ಅಲ್ಲಾಡುತ್ತಾ ಇರುತ್ತದೆ. ಇನ್ನೊಂದು ಯಕ್ಷಗಾನ. ಮೇಳದ ಆಟವನ್ನು ಮೊಬೈಲಿನಲ್ಲೋ ಒಂದೇ ಮೈಕಿನಲ್ಲೋ ಹಿಡಿದು ತಂದು ‘ಭಾಗವತರ ಸ್ವರ ಸ್ವಲ್ಪ ಮೆದು ಮಾಡಿಕೊಡು’ ಅನ್ನುವವರಿದ್ದಾರೆ. ಭಾಗವತರ ಕೈಯಲ್ಲೇ ತಾಳ ಇರುತ್ತದೆ, ಪಕ್ಕದಲ್ಲೇ ಚೆಂಡೆ, ಎದುರಿಗೆ ಗೆಜ್ಜೆ. ಇವೆಲ್ಲದರ ಹೊಳಪು ಇರುವುದೂ 5000ದ ಮೇಲೆಯೇ. ‘ಸ’ಕ್ಕೆ ಅಂತ ಹಾಕಿದ ಡಿ-ಎಸ್ಸರ್ ಪ್ರತಿ ತಾಳದ ಪೆಟ್ಟಿಗೂ ಭಾಗವತರ ಬಾಯಿ ಮುಚ್ಚಿಸುತ್ತದೆ. ಅಲ್ಲಿ ಸ್ಪ್ಲಿಟ್‌ಬ್ಯಾಂಡ್ ಹಾಕಿ ಒಂದೆರಡು ಡಿಬಿಗೆ ತೃಪ್ತಿಪಡುವುದು, ಇಲ್ಲದಿದ್ದರೆ ಕೈಕೆಲಸ. ಮೂರನೆಯ ದಾರಿ ನನಗೆ ಸಿಕ್ಕಿಲ್ಲ.

ರೇಡಿಯೋಗೆ ಕೊಡುವವರು ಇನ್ನೊಂದು ವಿಷಯ ನೋಡಬೇಕು. ಮಣಿಪಾಲದಲ್ಲಿ 90.4ರಲ್ಲಿ ಸಮುದಾಯ ಬಾನುಲಿ ಇದೆ, ಕಾಲೇಜು ಹುಡುಗರಿಗೆ ಇಂಥ ಅವಕಾಶ ಹತ್ತಿರದಲ್ಲೇ ಉಂಟು. ಎಫ್‌ಎಂನಲ್ಲಿ ಕಳಿಸುವ ಮೊದಲು ಹೈ ಫ್ರೀಕ್ವೆನ್ಸಿಯನ್ನು ಎತ್ತಿ ಕಳಿಸುತ್ತಾರೆ, ರಿಸೀವರ್ ಅದನ್ನು ಅಷ್ಟೇ ಇಳಿಸುತ್ತದೆ, ಜೊತೆಗೆ ಗಾಳಿಯಲ್ಲಿ ಸೇರಿದ ಹಿಸ್ಸೂ ಇಳಿಯುತ್ತದೆ. ಪ್ರಿ-ಎಂಫಸಿಸ್ ಅಂತ ಕಮ್ಯುನಿಕೇಶನ್ ಪೇಪರಿನಲ್ಲಿ ಎರಡು ಮಾರ್ಕಿಗೆ ಬರೆಯುತ್ತೇವಲ್ಲ, ಅದೇ. ನಮ್ಮ ದೇಶದಲ್ಲಿ ಟೈಂ ಕಾನ್‌ಸ್ಟಂಟ್ 50 ಮೈಕ್ರೋಸೆಕೆಂಡ್. ಲೆಕ್ಕ ಹಾಕಿದರೆ 6000 ಹರ್ಟ್ಸ್‌ನಲ್ಲಿ ಆರೂವರೆ ಡಿಬಿ, 8000ದಲ್ಲಿ ಎಂಟೂವರೆಗಿಂತ ಮೇಲೆ ಏರಿಕೆ. ನಿಮ್ಮ ‘ಸ’ ಮೊದಲೇ ಜೋರಿದ್ದರೆ ಟ್ರಾನ್ಸ್‌ಮಿಟರಿನ ಲಿಮಿಟರಿಗೆ ಹೋಗಿ ಗುದ್ದುತ್ತದೆ. ಆಗ ಹೊರಗೆ ಬರುವುದು ‘ಸ’ವೂ ಅಲ್ಲ, ಹರಿದ ಕಾಗದದ ಸದ್ದು. ಗ್ರಾಮಾಫೋನ್ ತಟ್ಟೆ ಕೊರೆಯುವಾಗಲೂ ಇದೇ ಬಗೆಯ ಎತ್ತಿ-ಇಳಿಸುವ ಲೆಕ್ಕ ಇತ್ತು, ಅಲ್ಲಿಯೂ ಸಕಾರವೇ ಕಾಟ. 1925ಕ್ಕಿಂತ ಮುಂಚಿನ, ಕೊಳವೆಯ ಬಾಯಿಗೆ ಹಾಡಿದ ರೆಕಾರ್ಡುಗಳಲ್ಲಿ ಮಾತ್ರ ಈ ಸಮಸ್ಯೆ ಇರಲಿಲ್ಲ. ಅಷ್ಟು ಎತ್ತರದ ಫ್ರೀಕ್ವೆನ್ಸಿ ತಟ್ಟೆಗೆ ಬೀಳುತ್ತಲೇ ಇರಲಿಲ್ಲ!

ಕೋಡ್ ಬರೆಯುವವರಿಗೆ ಇದು ಒಳ್ಳೆಯ ಮಿನಿ ಪ್ರಾಜೆಕ್ಟ್. ಪೈಥಾನ್‌ನಲ್ಲಿ ವೇವ್ ಫೈಲ್ ಓದಿ, 5 ಮಿಲಿಸೆಕೆಂಡಿನ ತುಂಡು ಮಾಡಿ, ಪ್ರತಿ ತುಂಡಿನಲ್ಲೂ 4000ದ ಮೇಲಿನ ಎನರ್ಜಿಯನ್ನು ಒಟ್ಟು ಎನರ್ಜಿಯಿಂದ ಭಾಗಿಸಿ. ‘ಸ’ ಇದ್ದಲ್ಲಿ ಈ ಅನುಪಾತ ಒಂದರ ಹತ್ತಿರ ಹಾರುತ್ತದೆ, ಸ್ವರದಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಮೆಲ್ಲಗೆ ಹಾಡಿದರೂ ಜೋರಾಗಿ ಹಾಡಿದರೂ ಅನುಪಾತ ಬದಲಾಗದ ಕಾರಣ ಥ್ರೆಶೋಲ್ಡಿನ ಗೋಳು ಅರ್ಧ ತಪ್ಪುತ್ತದೆ. ಆದರೆ ಮೌನ ಇದ್ದಲ್ಲಿ ಫ್ಯಾನಿನ ಸದ್ದಿಗೂ ಅನುಪಾತ ಏರುತ್ತದೆ, ಒಂದು ಕನಿಷ್ಠ ಮಟ್ಟ ಇಡಲು ಮರೆಯಬೇಡಿ. ನಾನು ಮರೆತು ಒಂದು ದಿನ ಹಾಳು ಮಾಡಿಕೊಂಡೆ. ಗೇನನ್ನು ಒಮ್ಮೆಲೇ ಇಳಿಸಿದರೆ ಟಿಕ್ ಟಿಕ್ ಬರುತ್ತದೆ, ಸ್ಮೂತ್ ಮಾಡಿ.

ಇಷ್ಟೆಲ್ಲ ಕಲಿತ ಉತ್ಸಾಹದಲ್ಲಿ ನಾನು ಮಾಡಿದ ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಅವಳ ಹಾಡನ್ನು ಮತ್ತೆ ಮಿಕ್ಸ್ ಮಾಡುವಾಗ ಹೆದರಿಕೆಯಿಂದ ಡಿ-ಎಸ್ಸರನ್ನು 9 ಡಿಬಿ ಒತ್ತಿದೆ. ಒಂದು ಚೂರೂ ಚುಚ್ಚಲಿಲ್ಲ. ರೂಂಮೇಟಿಗೆ ಕೇಳಿಸಿದರೆ ಅವನು, “ಇವಳು ‘ಸಂತೋಷ’ ಅನ್ನುವಲ್ಲಿ ‘ಥಂತೋಷ’ ಯಾಕೆ ಅಂತಿದ್ದಾಳೆ?” ಅಂದ. ಎದೆ ಧಸಕ್ ಅಂತು. ಬರದ ‘ಸ’ವನ್ನು ಈ ಸಲ ನಿಜವಾಗಿಯೂ ಅವಳ ಬಾಯಿಗೆ ನಾನು ತುರುಕಿದ್ದೆ. ‘ಸ’ ಮತ್ತು ‘ಶ’ದ ವ್ಯತ್ಯಾಸ ಇರುವುದೇ ಮೋಡದ ಎತ್ತರದಲ್ಲಿ. 5000ದ ಮೇಲೆ ಎಲ್ಲ ಅದುಮಿದರೆ ‘ಸ’ದ ಗುರುತೇ ಅಳಿಸುತ್ತದೆ, ‘ಶ’ ಮಾತ್ರ ಹಾಗೇ ಉಳಿಯುತ್ತದೆ. ಶ, ಷ, ಸ ಮೂರೂ ಬರುವ ಸಾಲನ್ನು ಆಯ್ದು, ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ ಬರೆಸುವುದು ಈಗ ನನ್ನ ಕಡೆಯ ಪರೀಕ್ಷೆ. ಅವರು ಬರೆದದ್ದು ಸರಿ ಇದ್ದರೆ ಮಿಕ್ಸ್ ಸರಿ ಇದೆ.

ಮೂರನೆಯ ಮಿಕ್ಸ್ ಅವಳಿಗೆ ಕಳಿಸಿದೆ, ಜೊತೆಗೆ ಪ್ಲಗಿನ್ ಇಲ್ಲದ ಮೂಲ ಫೈಲನ್ನೂ. ಕ್ಷಮಿಸು ಅಂತ ಬರೆದಿದ್ದೆ. ಎರಡು ದಿನ ಉತ್ತರ ಇಲ್ಲ. ಮೂರನೆಯ ದಿನ ರಾತ್ರಿ, “ಅಣ್ಣ, ಮೂಲದ್ದೇ ನಾನು. ಅಮ್ಮನಿಗೆ ಕೇಳಿಸಿದೆ” ಅಂತ ಬಂತು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು: “ಎರಡನೇ ಚರಣದ ‘ವಿಶೇಷ’ ಸರಿ ಬಂದಿಲ್ಲ, ಅದು ಮಾತ್ರ ಇನ್ನೊಮ್ಮೆ ಹಾಡಬಹುದಾ?” ಶನಿವಾರ ಬಂದಳು. ಮೈಕನ್ನು ಮೂಗಿನ ಎತ್ತರಕ್ಕೆ ಏರಿಸಿ ಓರೆ ಇಟ್ಟೆ. ಎರಡು ಟೇಕ್ ಆಯಿತು, ಮೂರನೆಯದರ ಮಧ್ಯೆ ಸ್ಟೇಶನ್ ಕಡೆಯಿಂದ ಗೂಡ್ಸ್ ರೈಲು ಬಂತು. ಎರಡನೆಯದನ್ನೇ ಇಟ್ಟುಕೊಂಡೆವು.